ಚಿಗುರಿಗೆ ಯಾವ ಸಾರಜನಕ? ಟಿಶ್ಯೂ ಕಲ್ಚರ್ ಮಾಡುವವರಿಗೊಂದು ಹೋಲಿಕೆ

ಟಿಶ್ಯೂ ಕಲ್ಚರ್ ಎಂದರೆ ಗಿಡದ ತುಣುಕನ್ನು ಬಾಟಲಿಯೊಳಗೆ, ಕ್ರಿಮಿಯಿಲ್ಲದ ಪೋಷಕ ಮಿಶ್ರಣದಲ್ಲಿ (ಇದೇ ಮೀಡಿಯಾ) ಬೆಳೆಸುವುದು. ಅಂಥ ಎರಡು ಬಾಟಲಿ ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಎರಡರಲ್ಲೂ ಒಂದೇ ಗಿಡದ ಚಿಗುರು, ಒಂದೇ ದಿನ ಕತ್ತರಿಸಿ ಇಟ್ಟದ್ದು, ಚಿಗುರೊಡೆಸುವ ಹಾರ್ಮೋನ್ ಸೈಟೋಕೈನಿನ್ ಕೂಡ ಒಂದೇ ಪ್ರಮಾಣ. ಮೊದಲನೆಯದರಲ್ಲಿ ಎಲೆ ಮಾಮೂಲಿ ಹಸಿರು. ಚಿಮಟದಲ್ಲಿ ಹಿಡಿದರೆ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಎರಡನೆಯದರಲ್ಲಿ ಚಿಗುರಿನ ಸಂಖ್ಯೆ ಜಾಸ್ತಿ. ಆದರೆ ಎಲೆಗಳು ನೀರು ಕುಡಿದು ಊದಿಕೊಂಡ ಹಾಗಿವೆ, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಆಚೆ ಕಾಣುತ್ತದೆ, ಚಿಮಟ ತಾಗಿದರೆ ಪಟ್ಟನೆ ಮುರಿಯುತ್ತವೆ. ಇವನ್ನು ಹೊರಗೆ ಮಣ್ಣಿಗೆ ಹಾಕಿದರೆ ಬದುಕುವುದು ಕಷ್ಟ. ಎರಡು ಬಾಟಲಿಗೂ ಇರುವ ವ್ಯತ್ಯಾಸ ಒಂದೇ. ಮೊದಲನೆಯದಕ್ಕೆ ಅಮೋನಿಯಂ ನೈಟ್ರೇಟ್ ಅರ್ಧದಷ್ಟೇ ಹಾಕಿದ್ದೆ.

ಇದು ಹೊಳೆಯುವ ಮೊದಲು ನಾನು ಹಾರ್ಮೋನ್ ಕಡಿಮೆ ಮಾಡಿದೆ, ಮೀಡಿಯಾ ಗಟ್ಟಿಯಾಗಿಸುವ ಅಗರ್ ಹೆಚ್ಚಿಸಿದೆ, ಬಾಟಲಿಯ ಮುಚ್ಚಳವನ್ನೂ ಬದಲಾಯಿಸಿದೆ. ಅವೆಲ್ಲ ತಪ್ಪೇನಲ್ಲ, ಒಂದಿಷ್ಟು ಉಪಯೋಗವೂ ಆಯಿತು. ಆದರೆ ತೊಂದರೆಯ ಬುಡ ಸಾರಜನಕದಲ್ಲಿತ್ತು. ಮೀಡಿಯಾದಲ್ಲಿ ಅತಿ ಹೆಚ್ಚು ತೂಗಿ ಹಾಕುವುದು ಸಾರಜನಕದ ಲವಣಗಳನ್ನೇ. ಆದರೂ ಕೊನೆಗೆ ಅನುಮಾನ ಬರುವುದು ಅವುಗಳ ಮೇಲೆ. ಏನೋ ಮಾಮೂಲಿ ಪುಡಿ, ಸುಮ್ನೆ ಹಾಕಿದರಾಯಿತು ಅಂದುಕೊಂಡಿರುತ್ತೇವೆ, ಅಲ್ವಾ?

ಅಮೋನಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್, ಕ್ಯಾಲ್ಸಿಯಂ ನೈಟ್ರೇಟ್, ಅಮೋನಿಯಂ ಸಲ್ಫೇಟ್, ಯೂರಿಯಾ, ಗ್ಲುಟಮಿನ್, ಕೇಸಿನ್ ಹೈಡ್ರೋಲೈಸೇಟ್. ಇಷ್ಟು ಹೆಸರು ಎದುರಿಗಿಟ್ಟುಕೊಂಡು ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಪುಡಿ ಎನ್ನುವುದು ಎರಡನೆಯ ಪ್ರಶ್ನೆ. ನೈಟ್ರೇಟ್ ಎಷ್ಟು, ಅದರ ಪಕ್ಕದಲ್ಲಿ ಅಮೋನಿಯಂ ಎಷ್ಟು ಎನ್ನುವುದು ಮೊದಲನೆಯದು.

ಮೊದಲು ಯಾವುದನ್ನು ನೋಡಬೇಕು

ಒಟ್ಟು ಸಾರಜನಕ ಮತ್ತು ಅನುಪಾತ. ಇದನ್ನು ಗ್ರಾಂ ಲೆಕ್ಕದಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮಿಲಿಮೋಲ್‌ನಲ್ಲೇ (ತೂಕವಲ್ಲ, ಕಣಗಳ ಎಣಿಕೆಯ ಲೆಕ್ಕ) ನೋಡಬೇಕು. ಎಲ್ಲರೂ ಶುರು ಮಾಡುವ ಎಂಎಸ್ (ಮುರಾಶಿಗೆ-ಸ್ಕೂಗ್) ಮೀಡಿಯಾದಲ್ಲಿ ಲೀಟರಿಗೆ 1650 ಮಿ.ಗ್ರಾಂ ಅಮೋನಿಯಂ ನೈಟ್ರೇಟ್, 1900 ಮಿ.ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ. ಮಿಲಿಮೋಲ್‌ಗೆ ತಂದರೆ ನೈಟ್ರೇಟ್ 39.4, ಅಮೋನಿಯಂ 20.6, ಒಟ್ಟು 60. ಅಂದರೆ ಹೆಚ್ಚುಕಡಿಮೆ ಎರಡಕ್ಕೆ ಒಂದು. ಮರದ ಜಾತಿಗಳಿಗೆಂದು ಬಂದ ಡಬ್ಲ್ಯೂಪಿಎಂ (ವುಡಿ ಪ್ಲಾಂಟ್ ಮೀಡಿಯಂ) ಮೀಡಿಯಾದಲ್ಲಿ ನೈಟ್ರೇಟ್ 9.7, ಅಮೋನಿಯಂ 5. ಅನುಪಾತ ಇಲ್ಲೂ ಎರಡಕ್ಕೊಂದೇ, ಆದರೆ ಒಟ್ಟು ಕಾಲು ಭಾಗ ಮಾತ್ರ. ಬಿ5 ಎಂಬ ಇನ್ನೊಂದು ಮೀಡಿಯಾದಲ್ಲಿ ನೈಟ್ರೇಟ್ 24.7 ಇದ್ದರೆ ಅಮೋನಿಯಂ ಬರೀ 2. ಹಾಗಾಗಿ ಅನುಪಾತವೊಂದನ್ನೇ ಅಥವಾ ಒಟ್ಟು ಒಂದನ್ನೇ ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ.

ಪಿಎಚ್ ಯಾವ ಕಡೆ ಹೋಗುತ್ತದೆ. ಗಿಡ ಅಮೋನಿಯಂ ಹೀರಿಕೊಂಡಾಗ ಸುತ್ತಲಿನ ಮೀಡಿಯಾ ಹುಳಿಯಾಗುತ್ತದೆ. ನೈಟ್ರೇಟ್ ಹೀರಿಕೊಂಡರೆ ಪಿಎಚ್ ಮೇಲಕ್ಕೆ ಹೋಗುತ್ತದೆ. ಎರಡೂ ಇದ್ದರೆ ಬಹಳಷ್ಟು ಗಿಡಗಳು ಮೊದಲು ಅಮೋನಿಯಂಗೆ ಕೈಹಾಕುತ್ತವೆ. 5.8ಕ್ಕೆ ಸರಿಮಾಡಿ ಇಟ್ಟ ಎಂಎಸ್ ಕೆಲವೇ ದಿನಗಳಲ್ಲಿ 5ರ ಕೆಳಗೆ ಇಳಿಯುವುದು ಇದಕ್ಕೇ. ಅನುಮಾನ ಇದ್ದರೆ ಎರಡು ವಾರ ಕಳೆದ ಬಾಟಲಿಯಲ್ಲಿ ಚಿಗುರಿನ ಬುಡದ ಅಗರ್ ಒಂದು ಚಮಚ ತೆಗೆದು, ಹಿಸುಕಿ ಪಿಎಚ್ ಕಾಗದ ತಾಗಿಸಿ. ಬಾಟಲಿ ಅಂಚಿನ ಅಗರಿಗೂ ಹಾಗೇ ಮಾಡಿ. ಎರಡು ಕಡೆ ಬಣ್ಣ ಬೇರೆ ಬಂದರೆ ಗಿಡ ಏನು ತಿನ್ನುತ್ತಿದೆ ಎಂದು ಅದೇ ಹೇಳುತ್ತದೆ.

ಜೊತೆಗೆ ಏನು ಬರುತ್ತದೆ. ಸಾರಜನಕ ಒಂಟಿಯಾಗಿ ಬರುವುದಿಲ್ಲ. ಪೊಟ್ಯಾಸಿಯಂ ನೈಟ್ರೇಟ್ ಹೆಚ್ಚಿಸಿದರೆ ಪೊಟ್ಯಾಸಿಯಂ ಏರುತ್ತದೆ, ಅಮೋನಿಯಂ ಕ್ಲೋರೈಡ್ ಹಾಕಿದರೆ ಕ್ಲೋರೈಡ್ ಏರುತ್ತದೆ. ಫಲಿತಾಂಶ ಸಾರಜನಕದಿಂದ ಬಂತೋ ಜೊತೆಗಾರನಿಂದ ಬಂತೋ ಎಂದು ಬಿಡಿಸಲಾಗದೆ ಎಷ್ಟೋ ಪ್ರಯೋಗ ದಂಡವಾಗುತ್ತವೆ.

ಆಮೇಲಿನವು ಕೈಕೆಲಸದ ಪ್ರಶ್ನೆಗಳು. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) 121 ಡಿಗ್ರಿ ತಡೆಯುತ್ತದೆಯೇ, ತೂಗಲು ಸುಲಭವೇ, ದುಬಾರಿಯೇ, ಸಲೀಸಾಗಿ ಸಿಗುತ್ತದೆಯೇ.

ಅಮೋನಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ನೈಟ್ರೇಟ್ ಜೋಡಿ

ಎಲ್ಲರೂ ಇಲ್ಲಿಂದಲೇ ಶುರು ಮಾಡುವುದು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಈ ಮಿಶ್ರಣ ಕೊಟ್ಟದ್ದು ತಂಬಾಕಿನ ಅಂಗಾಂಶ ವೇಗವಾಗಿ ಬೆಳೆಯಲಿ ಎಂದು. ನಿಮ್ಮ ಗಿಡದ ಚಿಗುರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಲ್ಲ. ಆದರೂ ಆಶ್ಚರ್ಯವೆಂದರೆ ಬಾಳೆ, ಆಲೂಗಡ್ಡೆ, ಸೇವಂತಿಗೆಯಂಥ ಎಷ್ಟೋ ಮೆತುಕಾಂಡದ ಗಿಡಗಳಿಗೆ ಇದು ಹಾಗೆಯೇ ಒಗ್ಗುತ್ತದೆ.

ಇದು ಕೆಲಸ ಮಾಡುವುದಕ್ಕೆ ಕಾರಣ ಇದೆ. ನೈಟ್ರೇಟ್ ಒಳಹೊಕ್ಕ ಮೇಲೆ ಗಿಡ ಅದನ್ನು ನೈಟ್ರೈಟ್, ಆಮೇಲೆ ಅಮೋನಿಯಂ ಮಾಡಿಕೊಂಡೇ ಬಳಸಬೇಕು. ಒಂದು ನೈಟ್ರೇಟಿಗೆ ಎಂಟು ಎಲೆಕ್ಟ್ರಾನ್ ಖರ್ಚು. ಅಮೋನಿಯಂಗೆ ಆ ಖರ್ಚಿಲ್ಲ, ನೇರವಾಗಿ ಗ್ಲುಟಮಿನ್ ಎಂಬ ಅಮೈನೋ ಆಮ್ಲ ಆಗುತ್ತದೆ. ಹಾಗಂತ ಅಮೋನಿಯಂ ಒಂದನ್ನೇ ಕೊಟ್ಟರೆ ಪಿಎಚ್ ಬಿದ್ದುಹೋಗುತ್ತದೆ, ಬಳಕೆಯಾಗದ ಅಮೋನಿಯಂ ಜೀವಕೋಶದೊಳಗೆ ವಿಷವಾಗುತ್ತದೆ. ಎರಡನ್ನೂ ಕೊಟ್ಟರೆ ಒಂದು ಎಳೆದ ಪಿಎಚ್ಚನ್ನು ಇನ್ನೊಂದು ತಡೆಯುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ ಇದಕ್ಕಿಂತ ಅಗ್ಗದ ಜೋಡಿ ಇಲ್ಲ. ಎರಡೂ ಆಟೋಕ್ಲೇವ್‌ಗೆ ಜಗ್ಗುವುದಿಲ್ಲ. ರಗಳೆ ಇರುವುದು ಅಮೋನಿಯಂ ನೈಟ್ರೇಟಿನಲ್ಲಿ. ಅದು ಗಾಳಿಯ ತೇವ ಎಳೆದುಕೊಂಡು ಗಂಟುಗಟ್ಟುತ್ತದೆ. ಗಂಟುಗಟ್ಟಿದ್ದನ್ನು ತೂಗಿದರೆ ಅದರಲ್ಲಿ ನೀರಿನ ತೂಕವೂ ಸೇರಿರುತ್ತದೆ. ಕರಗಿಸುವಾಗ ಬೀಕರ್ ಹೊರಗೆ ಹನಿಗಟ್ಟುವಷ್ಟು ತಣ್ಣಗಾಗುತ್ತದೆ. ಆಗಲೇ ಗುರುತಿನ ಗೆರೆಯವರೆಗೆ ನೀರು ತುಂಬಿಸಬೇಡಿ, ಕೋಣೆಯ ಬಿಸಿಗೆ ಬರಲು ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಫೋಟಕ ತಯಾರಿಕೆಗೆ ಬಳಕೆಯಾಗುತ್ತದೆ ಎಂಬ ಕಾರಣಕ್ಕೆ ಹಲವು ದೇಶಗಳಲ್ಲಿ ಇದನ್ನು ಕೊಳ್ಳಲು, ಇಟ್ಟುಕೊಳ್ಳಲು ನಿಯಮಗಳಿವೆ. ಸಣ್ಣದಾಗಿ ಮಾಡುವವರಿಗೆ ಬಿಡಿಯಾಗಿ ಇದು ಸಿಗದೇ ಹೋಗಬಹುದು. ತಯಾರಿ ಎಂಎಸ್ ಪುಡಿ ಕೊಂಡರೆ ಆ ತಲೆನೋವು ತಪ್ಪುತ್ತದೆ, ಆದರೆ ಅನುಪಾತ ಬದಲಾಯಿಸುವ ಸ್ವಾತಂತ್ರ್ಯವೂ ತಪ್ಪುತ್ತದೆ. ಸಾರಜನಕವೇ ಇಲ್ಲದ ಎಂಎಸ್ ಪುಡಿಯೂ ಬರುತ್ತದೆ. ಅದನ್ನು ತಂದು ಸಾರಜನಕ ಮಾತ್ರ ನಾವೇ ಸೇರಿಸಿಕೊಳ್ಳುವುದು ನನಗೆ ಹಿಡಿಸಿದ ದಾರಿ.

ಚಿಗುರು ಗಾಜಿನಂತಾಗುತ್ತಿದ್ದರೆ (ಹಳಬರು ವಿಟ್ರಿಫಿಕೇಶನ್ ಅನ್ನುತ್ತಿದ್ದರು, ಈಗ ಹೈಪರ್‌ಹೈಡ್ರಿಸಿಟಿ) ಮೊದಲು ಮಾಡಬೇಕಾದ್ದು ಅಮೋನಿಯಂ ನೈಟ್ರೇಟ್ ಒಂದನ್ನೇ 825 ಮಿ.ಗ್ರಾಂಗೆ ಇಳಿಸುವುದು. ಆಗ ನೈಟ್ರೇಟ್ 29, ಅಮೋನಿಯಂ 10.3 ಆಗುತ್ತದೆ. ಅನುಪಾತ ಮೂರಕ್ಕೊಂದರ ಹತ್ತಿರ. ಹೊಸ ಪುಡಿ ಬೇಡ, ಹೊಸ ಖರ್ಚು ಬೇಡ. ಚಿಗುರಿನ ಸಂಖ್ಯೆ ಸ್ವಲ್ಪ ಇಳಿಯಬಹುದು. ಆದರೆ ಮಣ್ಣಿಗೆ ಹೋಗಿ ಬದುಕುವ ಚಿಗುರನ್ನು ಮಾತ್ರ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಲಾಭವೇ.

ನೈಟ್ರೇಟ್ ಮಾತ್ರ ಕೊಟ್ಟರೆ?

ಬದುಕುತ್ತವೆ, ಆದರೆ ನಿಧಾನ. ಬೇರಿನ ತುದಿ ಬೆಳೆಸಲು ಬಂದ ಹಳೆಯ ವೈಟ್ ಮೀಡಿಯಾದಲ್ಲಿ ಇರುವುದು ನೈಟ್ರೇಟ್ ಮಾತ್ರ, ಅದೂ ತೀರಾ ಸ್ವಲ್ಪ. ಚಿಗುರು ಹೆಚ್ಚಿಸುವ ಹಂತಕ್ಕೆ ಅದು ಸಾಲದು. ನೈಟ್ರೇಟ್ ಮಾತ್ರ ಇದ್ದಾಗ ಪಿಎಚ್ ಮೇಲೇರುತ್ತದೆ, ಕಬ್ಬಿಣ ಸರಿಯಾಗಿ ಸಿಗದೆ ಹೊಸ ಎಲೆ ನರದ ನಡುವೆ ಹಳದಿಯಾಗುತ್ತದೆ. ಜೊತೆಗೆ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವಕ್ಕೆ ಮಾಲಿಬ್ಡಿನಂ ಬೇಕು. ಸೂಕ್ಷ್ಮಪೋಷಕಾಂಶದ ಸ್ಟಾಕ್ (ಮೊದಲೇ ಮಾಡಿಟ್ಟ ಗಟ್ಟಿ ದ್ರಾವಣ) ಹಳೆಯದಾಗಿದ್ದು ತಳದಲ್ಲಿ ಗಷ್ಟು ಕೂತಿದ್ದರೆ ನೈಟ್ರೇಟ್ ಎಷ್ಟು ಹಾಕಿದರೂ ಅಷ್ಟಕ್ಕಷ್ಟೇ.

ಇದಕ್ಕೆ ಜಾಗ ಇರುವುದು ಬೇರು ಬರಿಸುವ ಹಂತದಲ್ಲಿ. ಅರ್ಧ ಎಂಎಸ್‌ನಲ್ಲಿ ಬೇರು ಚೆನ್ನಾಗಿ ಬರುತ್ತದೆ ಅನ್ನುವುದರ ಹಿಂದೆ ಇರುವುದೂ ಬಹುಪಾಲು ಸಾರಜನಕ ಕಡಿಮೆಯಾದ ಗುಣವೇ.

ಕ್ಯಾಲ್ಸಿಯಂ ನೈಟ್ರೇಟ್

ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಮರದ ಜಾತಿಯ ಚಿಗುರುಗಳಲ್ಲಿ ತುದಿ ಕಪ್ಪಾಗಿ ಒಣಗುವ ಕಾಟ ಗೊತ್ತಲ್ಲ, ಅದು ಎಷ್ಟೋ ಸಲ ಕ್ಯಾಲ್ಸಿಯಂ ಕೊರತೆ. ಕ್ಯಾಲ್ಸಿಯಂ ಕ್ಲೋರೈಡ್ ಹೆಚ್ಚಿಸಿದರೆ ಕ್ಲೋರೈಡ್ ಕೂಡ ಏರುತ್ತದೆ, ಎಷ್ಟೋ ಮರಗಳಿಗೆ ಅದು ಆಗಿಬರುವುದಿಲ್ಲ. ಕ್ಯಾಲ್ಸಿಯಂ ನೈಟ್ರೇಟ್‌ನಲ್ಲಿ ಜೊತೆಗಾರನೂ ಉಪಯೋಗಕ್ಕೆ ಬರುವವನೇ. ಡಬ್ಲ್ಯೂಪಿಎಂನಲ್ಲಿ ಇದು 556 ಮಿ.ಗ್ರಾಂ ಇದೆ. ಅಕ್ರೋಟಿಗಾಗಿ ಬಂದ ಡಿಕೆಡಬ್ಲ್ಯೂ ಮೀಡಿಯಾದಲ್ಲಿ ಇನ್ನೂ ಬಹಳ ಜಾಸ್ತಿ.

ಆದರೆ ಇದರಷ್ಟು ಮೋಸ ಮಾಡುವ ಪುಡಿಯೂ ಇಲ್ಲ. ಡಬ್ಬಿಯ ಮೇಲೆ ಟೆಟ್ರಾಹೈಡ್ರೇಟ್ (ನಾಲ್ಕು ನೀರಿನ ಅಣು ಸೇರಿದ್ದು) ಎಂದಿದೆಯೋ ನೀರಿಲ್ಲದ್ದೋ ನೋಡಿಯೇ ತೂಗಬೇಕು. ಮೊದಲನೆಯದರ ಅಣುತೂಕ 236, ಎರಡನೆಯದರದ್ದು 164. ಮೇಲಿನ 556 ಟೆಟ್ರಾಹೈಡ್ರೇಟ್ ಲೆಕ್ಕ, ನೀರಿಲ್ಲದ್ದಾದರೆ 386 ಸಾಕು. ಇನ್ನೊಂದು, ಇದನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಇರುವ ಗಟ್ಟಿ ಸ್ಟಾಕ್‌ಗೆ ಬೆರೆಸಿದರೆ ಹಾಲಿನ ಹಾಗೆ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಕೂತದ್ದು ಗಿಡಕ್ಕೆ ಸಿಗುವುದಿಲ್ಲ. ಸ್ಟಾಕ್ ಬೇರೆ ಬಾಟಲಿಯಲ್ಲೇ ಇರಲಿ, ಮೀಡಿಯಾಕ್ಕೆ ಬಹುಪಾಲು ನೀರು ಸೇರಿ ತೆಳುವಾದ ಮೇಲೆ ಕೊನೆಯಲ್ಲಿ ಸೇರಿಸಿ.

ಖರ್ಚು ಉಳಿಸಲು ಗೊಬ್ಬರದ ದರ್ಜೆಯದನ್ನು ಬಳಸುವವರಿಗೂ ಒಂದು ಮಾತು. ಗೊಬ್ಬರವಾಗಿ ಬರುವ ಹರಳು ಹರಳು ಕ್ಯಾಲ್ಸಿಯಂ ನೈಟ್ರೇಟ್ ಸಾಮಾನ್ಯವಾಗಿ ಅಪ್ಪಟ ಕ್ಯಾಲ್ಸಿಯಂ ನೈಟ್ರೇಟ್ ಅಲ್ಲ, ಅಮೋನಿಯಂ ನೈಟ್ರೇಟ್ ಸ್ವಲ್ಪ ಬೆರೆತ ಜೋಡಿ ಲವಣ. ಚೀಲದ ಮೇಲೆ ಸಾರಜನಕ 15.5 ಶೇಕಡಾ ಅಂತಿದ್ದರೆ ಅದರಲ್ಲಿ ಸುಮಾರು 1 ಅಮೋನಿಯಂ ರೂಪದಲ್ಲಿರುತ್ತದೆ. ಚಿಗುರು ಬೆಳೆಸಲು ಇದು ಅಡ್ಡಿಯಲ್ಲ, ಆದರೆ ಲೆಕ್ಕದಲ್ಲಿ ಬರೆದುಕೊಳ್ಳಿ. ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ ಇದಕ್ಕಿಂತ ಶುದ್ಧವಾಗಿ ಸಿಗುತ್ತದೆ. ಕರಗಿಸಿದಾಗ ಮಂಕಾಗದೆ ತಿಳಿಯಾಗಿದ್ದರೆ ಹೆಚ್ಚಾಗಿ ಚಿಂತೆಯಿಲ್ಲ.

ಅಮೋನಿಯಂ ಸಲ್ಫೇಟ್, ಅಮೋನಿಯಂ ಕ್ಲೋರೈಡ್

ಅಮೋನಿಯಂ ನೈಟ್ರೇಟ್ ಸಿಗದವರ ದಾರಿ ಇದು. ಎರಡರಲ್ಲಿ ನನ್ನ ಮತ ಸಲ್ಫೇಟ್‌ಗೆ. ಬಿ5, ಭತ್ತದ ಪರಾಗಕೋಶಕ್ಕಾಗಿ ಬಂದ ಎನ್6 ಎರಡೂ ಅಮೋನಿಯಂಗೆ ಸಲ್ಫೇಟನ್ನೇ ನಂಬಿವೆ. ಆರ್ಕಿಡ್ ಬೀಜಕ್ಕೆ ಬಳಸುವ ನಡ್ಸನ್ ಸಿಯೂ ಅಷ್ಟೆ. ತೂಗಲು ಸುಲಭ, ಗಂಟುಗಟ್ಟುವುದು ಕಡಿಮೆ, ಬೆಲೆಯೂ ಕಡಿಮೆ.

ಎಂಎಸ್‌ಗೆ ಬದಲಿ ಮಾಡುವುದು ಹೇಗೆ ಎಂದು ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಅಮೋನಿಯಂ ನೈಟ್ರೇಟ್ ಪೂರ್ತಿ ತೆಗೆಯಿರಿ. ಪೊಟ್ಯಾಸಿಯಂ ನೈಟ್ರೇಟ್ 1900 ಹಾಗೇ ಇರಲಿ, ಅಲ್ಲಿಂದ ನೈಟ್ರೇಟ್ 18.8. ಅಮೋನಿಯಂ ಸಲ್ಫೇಟ್ 661 ಮಿ.ಗ್ರಾಂ ಹಾಕಿದರೆ ಅಮೋನಿಯಂ 10. ಕ್ಯಾಲ್ಸಿಯಂ ಕ್ಲೋರೈಡ್ 440ರ ಬದಲು ಅದರ ಹತ್ತನೇ ಒಂದು ಭಾಗ, ಅಂದರೆ 44 ಮಾತ್ರ ಇಟ್ಟುಕೊಂಡು, ಉಳಿದ ಕ್ಯಾಲ್ಸಿಯಂಗೆ ಕ್ಯಾಲ್ಸಿಯಂ ನೈಟ್ರೇಟ್ ಟೆಟ್ರಾಹೈಡ್ರೇಟ್ 638 ಮಿ.ಗ್ರಾಂ. ಅಲ್ಲಿಂದ ನೈಟ್ರೇಟ್ 5.4. ಒಟ್ಟು ನೈಟ್ರೇಟ್ 24.2, ಅಮೋನಿಯಂ 10, ಸಾರಜನಕ 34 ಚಿಲ್ಲರೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ಎರಡೂ ಮೂಲ ಎಂಎಸ್‌ನಷ್ಟೇ. ಆ 44 ಮಿ.ಗ್ರಾಂ ಯಾಕೆ ಬಿಟ್ಟೆ ಅಂದರೆ ಕ್ಲೋರೈಡ್ ಗಿಡಕ್ಕೆ ಚೂರು ಬೇಕೇ ಬೇಕು, ಪೂರ್ತಿ ತೆಗೆಯುವುದು ಬೇಡ.

ಇದೇ ಜಾಗದಲ್ಲಿ ಅಮೋನಿಯಂ ಕ್ಲೋರೈಡ್ ಹಾಕಿ 20.6 ಅಮೋನಿಯಂ ತರಲು ಹೋದರೆ 1100 ಮಿ.ಗ್ರಾಂ ಬೇಕು, ಕ್ಲೋರೈಡ್ ಕೂಡ 20.6 ಸೇರಿಕೊಳ್ಳುತ್ತದೆ. ಎಂಎಸ್‌ನಲ್ಲಿ ಮೊದಲೇ 6 ಇದೆ. ಸ್ವಲ್ಪ ಸಮಯಕ್ಕೆ, ಬೇರೇನೂ ಸಿಗದಿದ್ದಾಗ ಮಾತ್ರ ಸರಿ.

ಯೂರಿಯಾ ಬೇಡ. ಆಟೋಕ್ಲೇವ್‌ನಲ್ಲಿ ಒಡೆದು ಅಮೋನಿಯಾ ಬಿಡುತ್ತದೆ. ಫಿಲ್ಟರ್ ಮಾಡಿ ಹಾಕಿದರೂ ಅದನ್ನು ಮುರಿಯುವ ಯೂರಿಯೇಸ್ ಕಿಣ್ವಕ್ಕೆ ನಿಕಲ್ ಬೇಕು, ಎಂಎಸ್‌ನಲ್ಲಿ ನಿಕಲ್ಲೇ ಇಲ್ಲ.

ಗ್ಲುಟಮಿನ್ ಮತ್ತು ಕೇಸಿನ್ ಹೈಡ್ರೋಲೈಸೇಟ್

ಇವು ಊಟ ಅಲ್ಲ, ಉಪ್ಪಿನಕಾಯಿ. ನೈಟ್ರೇಟ್ ಮತ್ತು ಅಮೋನಿಯಂ ಸರಿಯಿಲ್ಲದ ಮೀಡಿಯಾವನ್ನು ಇವು ಸರಿಮಾಡುವುದಿಲ್ಲ.

ಗ್ಲುಟಮಿನ್ ಎಂದರೆ ಗಿಡ ತಾನೇ ಕಷ್ಟಪಟ್ಟು ಮಾಡಿಕೊಳ್ಳುವುದನ್ನು ನಾವು ರೆಡಿ ಮಾಡಿ ಕೊಟ್ಟ ಹಾಗೆ. ತೀರಾ ಸಣ್ಣ ಮೆರಿಸ್ಟೆಮ್ (ಚಿಗುರ ತುದಿಯ ಬೆಳೆಯುವ ಭಾಗ), ಭ್ರೂಣ, ಸೊರಗಿದ ಕ್ಯಾಲಸ್ (ರೂಪವಿಲ್ಲದ ಜೀವಕೋಶಗಳ ಮುದ್ದೆ) ಇಂಥವಕ್ಕೆ ಲಾಭ ಕಾಣುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಚಿಗುರಿಗೆ ಹಾಕಿದರೆ ದುಡ್ಡು ಖರ್ಚಾಗುತ್ತದೆ, ಅಷ್ಟೆ. 2 ಮಿಲಿಮೋಲ್‌ಗೆ ಲೀಟರಿಗೆ 292 ಮಿ.ಗ್ರಾಂ. ಇದು ಬಿಸಿಗೆ ನಿಲ್ಲುವುದಿಲ್ಲ. ಮೊದಲ ಸಲ ನಾನು ಎಲ್ಲದರ ಜೊತೆ ಸೇರಿಸಿ ಆಟೋಕ್ಲೇವ್ ಮಾಡಿಬಿಟ್ಟೆ. ನಾಲ್ಕು ವಾರ ಏನೂ ವ್ಯತ್ಯಾಸ ಕಾಣದೆ, ಗ್ಲುಟಮಿನ್ ಈ ಗಿಡಕ್ಕೆ ಆಗುವುದಿಲ್ಲ ಎಂದು ಬರೆದೂ ಇಟ್ಟೆ. ಗ್ಲುಟಮಿನ್ ಬಿಸಿಗೆ ಪೈರೋಗ್ಲುಟಮಿಕ್ ಆಮ್ಲ ಮತ್ತು ಅಮೋನಿಯಾ ಆಗುತ್ತದೆ. ಒಂದಿಷ್ಟು ಅಮೋನಿಯಂ ಜಾಸ್ತಿ ಹಾಕಿ ಅದಕ್ಕೆ ಗ್ಲುಟಮಿನ್ ಬೆಲೆ ಕೊಟ್ಟೆ ಅಷ್ಟೆ! 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಮೀಡಿಯಾ ಕೈಗೆ ತಾಳುವಷ್ಟು ಆರಿದ ಮೇಲೆ, ಅಗರ್ ಗಟ್ಟಿಯಾಗುವ ಮೊದಲು ಹಾಕಬೇಕು. ಲ್ಯಾಮಿನಾರ್ ಹುಡ್ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ) ಮತ್ತು ಫಿಲ್ಟರ್ ಇಲ್ಲದವರು ಇದನ್ನು ಮರೆತುಬಿಡುವುದು ಒಳ್ಳೆಯದು.

ಅವರಿಗೆ ಕೇಸಿನ್ ಹೈಡ್ರೋಲೈಸೇಟ್ ಇದೆ. ಹಾಲಿನ ಪ್ರೋಟೀನ್ ಒಡೆದು ಮಾಡಿದ್ದು, ಅಮೈನೋ ಆಮ್ಲಗಳ ಕಲಸುಮೇಲೋಗರ. ಆಟೋಕ್ಲೇವ್ ಮಾಡಬಹುದು, ಅಗ್ಗ. ಲೀಟರಿಗೆ 100ರಿಂದ 500 ಮಿ.ಗ್ರಾಂ ಸಾಕು. ಆಮ್ಲದಿಂದ ಒಡೆದದ್ದರಲ್ಲಿ ಟ್ರಿಪ್ಟೊಫ್ಯಾನ್ ಹಾಳಾಗಿರುತ್ತದೆ, ಗ್ಲುಟಮಿನ್ ಉಳಿದಿರುವುದಿಲ್ಲ, ಮೇಲೆ ಉಪ್ಪಿನ ಅಂಶ ಬೇರೆ. ಕಿಣ್ವದಿಂದ ಒಡೆದದ್ದು ಇದಕ್ಕಿಂತ ಮೇಲು. ಒಂದು ಡಬ್ಬಿ ಮುಗಿದು ಇನ್ನೊಂದು ತಂದಾಗ ಫಲಿತಾಂಶ ಬದಲಾಗಬಹುದು ಎನ್ನುವುದೇ ಇದರ ದೊಡ್ಡ ಕೊರತೆ. ಪ್ರಬಂಧ ಬರೆಯಬೇಕಾದವರು ಬಳಸುವ ಮೊದಲು ಎರಡು ಸಲ ಯೋಚಿಸಿ. ಬರೀ ಗಿಡ ಬೇಕಾದವರಿಗೆ ಚಿಂತೆಯಿಲ್ಲ. ಇನ್ನೊಂದು ಉಪಕಾರವೂ ಇದರಿಂದ ಇದೆ. ಗಿಡದೊಳಗೆ ಅಡಗಿರುವ ಬ್ಯಾಕ್ಟೀರಿಯಾಕ್ಕೆ ಇದು ಹಬ್ಬದೂಟ. ಚಿಗುರಿನ ಬುಡದಲ್ಲಿ ಮಂಜು ಕವಿದ ಹಾಗೆ ಕಂಡರೆ, ಮುಂದೆ ಎಂದೋ ಕಾಡಬೇಕಿದ್ದ ಸೋಂಕು ಇವತ್ತೇ ಸಿಕ್ಕಿಬಿತ್ತು ಎಂದುಕೊಳ್ಳಿ.

ಹಾಗಾದರೆ ನಿಮಗೆ ಯಾವುದು

ಮೆತುಕಾಂಡದ ಗಿಡ, ಕೈಯಲ್ಲಿ ತಯಾರಿ ಪುಡಿ ಇದೆ ಎಂದಾದರೆ ಎಂಎಸ್‌ನಿಂದಲೇ ಶುರು ಮಾಡಿ, ಏನನ್ನೂ ಬದಲಾಯಿಸಬೇಡಿ. ಗಾಜಿನಂಥ ಚಿಗುರು ಕಂಡ ಮೇಲೆ ಅಮೋನಿಯಂ ನೈಟ್ರೇಟ್ ಅರ್ಧ ಮಾಡಿದರಾಯಿತು.

ಮರದ ಜಾತಿಯಾದರೆ ಡಬ್ಲ್ಯೂಪಿಎಂ. ಎಲೆ ಪೇಲವವಾಗಿ, ಹಳೆಯ ಎಲೆ ಮೊದಲು ಹಳದಿಯಾಗುತ್ತಿದ್ದರೆ ಸಾರಜನಕ ಸಾಲದು ಎಂದರ್ಥ. ಆಗ ಡಿಕೆಡಬ್ಲ್ಯೂ ಅಥವಾ ಮೇಲೆ ಹೇಳಿದ ಸಲ್ಫೇಟ್ ಮಿಶ್ರಣಕ್ಕೆ ಏರಿ. ಅಮೋನಿಯಂ ನೈಟ್ರೇಟ್ ಸಿಗದವರಿಗೂ ಅದೇ ಮಿಶ್ರಣ.

ಆರ್ಕಿಡ್ ಬೀಜದ ಕತೆ ಬೇರೆ. ಕ್ಯಾಟ್ಲಿಯಾದಂಥ ಆರ್ಕಿಡ್ ಮೊಳಕೆಗೆ ಮೊದಮೊದಲು ನೈಟ್ರೇಟ್ ಬಳಸುವ ಶಕ್ತಿಯೇ ಇರುವುದಿಲ್ಲ, ಅದು ಆಮೇಲೆ ಬರುತ್ತದೆ. ನಡ್ಸನ್ ಸಿಯಲ್ಲಿ ನೈಟ್ರೇಟ್ 8.5 ಇದ್ದರೆ ಅಮೋನಿಯಂ 7.6, ಹೆಚ್ಚುಕಡಿಮೆ ಸಮಸಮ ಇದೆ. ಇಲ್ಲಿ ಅಮೋನಿಯಂ ಕಡಿಮೆ ಮಾಡುವ ಬುದ್ಧಿವಂತಿಕೆ ತೋರಿಸಬೇಡಿ.

ಹೊಸ ಗಿಡ, ಏನೂ ಗೊತ್ತಿಲ್ಲ ಎಂದಾದರೆ ಮೂರು ಬಗೆಯ ಮೀಡಿಯಾ ಮಾಡಿ: ಪೂರ್ತಿ ಎಂಎಸ್, ಅಮೋನಿಯಂ ನೈಟ್ರೇಟ್ ಅರ್ಧ ಇರುವ ಎಂಎಸ್, ಡಬ್ಲ್ಯೂಪಿಎಂ. ಒಂದೊಂದಕ್ಕೂ ಹತ್ತು ಬಾಟಲಿ. ಹಾರ್ಮೋನ್, ಸಕ್ಕರೆ, ಅಗರ್ ಮೂರರಲ್ಲೂ ಒಂದೇ ಇರಲಿ. ಸೈಟೋಕೈನಿನ್ ಜಾಸ್ತಿಯಾದರೂ ಚಿಗುರು ಗಾಜಿನಂತಾಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ಮೊದಲ ಸಬ್‌ಕಲ್ಚರ್‌ನ (ಚಿಗುರನ್ನು ಹೊಸ ಮೀಡಿಯಾಕ್ಕೆ ಎತ್ತಿ ಹಾಕುವುದು) ಫಲಿತಾಂಶ ನಂಬಬೇಡಿ, ಚಿಗುರು ಹಿಂದಿನ ಮೀಡಿಯಾದಲ್ಲಿ ತುಂಬಿಕೊಂಡ ಸಾರಜನಕದ ಮೇಲೆಯೇ ಒಂದು ಸುತ್ತು ಓಡುತ್ತದೆ. ಎಣಿಸುವುದು ಮೂರನೆಯ ಸಬ್‌ಕಲ್ಚರ್‌ನಲ್ಲಿ. ಎಣಿಸುವಾಗ ಒಟ್ಟು ಚಿಗುರು ಒಂದು ಕಾಲಂ, ಗಾಜಿನಂಥವು ಒಂದು ಕಾಲಂ, ಚಿಮಟದಲ್ಲಿ ಹಿಡಿದರೆ ಮುರಿಯದೆ ಬಾಗುವಂಥವು ಇನ್ನೊಂದು ಕಾಲಂ.